ಹಾಸು ಯಾವುದು, ಹೊಕ್ಕು ಯಾವುದು



ನಾನು ತಡಸದವಳು. ಹುಬ್ಬಳ್ಳಿಯಿಂದ ಶಿಗ್ಗಾವಿಗೆ ಹೋಗುವ ಹೆದ್ದಾರಿಯಲ್ಲಿ ತಡಸ ಕ್ರಾಸ್ ಬರುತ್ತದೆ. ಅಲ್ಲಿಂದ ಮುಂಡಗೋಡದ ಕಡೆ ಹೊರಳಿದರೆ ನಮ್ಮೂರು. ಮನೆಯ ಪಡಸಾಲೆಯಲ್ಲಿ ಮೂರು ಮಷೀನು ಇಟ್ಟುಕೊಂಡು ಇಪ್ಪತ್ತು ವರ್ಷಗಳಿಂದ ಹೊಲಿಗೆ ಕಲಿಸುತ್ತಿದ್ದೇನೆ. ಹೊಸದಾಗಿ ಹೊಲಿಗೆ ಕಲಿಯುವವರಿಗೆ ಕತ್ತರಿ, ಸೂಜಿಯ ಜೊತೆಗೇ ಕೊಡಬೇಕಾದ ಇನ್ನೊಂದು ಸಾಮಾನು ಇದೆ. ಅದು ಮಾತು. ಇಂದು ಆ ಮಾತುಗಳ ಬಗ್ಗೆ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹುಡುಗಿ ಬಂದಳು. ಪೇಟೆಯಲ್ಲಿ ಮೂರು ತಿಂಗಳ ತರಬೇತಿ ಮುಗಿಸಿದ್ದಳು, ಪ್ರಮಾಣಪತ್ರವೂ ಇತ್ತು. ಮುತ್ತಿನಂಥ ಅಕ್ಷರ. ನೋಟ್‌ಬುಕ್ಕಿನ ತುಂಬ ಗ್ರೇನ್ ಲೈನ್, ಡಾರ್ಟ್, ಯೋಕ್, ಸೀಮ್ ಅಲವನ್ಸ್ ಎಂದು ಸಾಲುಸಾಲಾಗಿ ಬರೆದುಕೊಂಡಿದ್ದಳು. ಕೇಳಿದರೆ ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ನಾನು ಒಂದು ಮೀಟರ್ ಕಾಟನ್ ಅರಿವೆ ಅವಳ ಮುಂದೆ ಹಾಸಿ, “ಇದರಾಗ ಗ್ರೇನ್ ಲೈನ್ ಯಾವ ಕಡೆ ಐತಿ ತೋರಸವಾ” ಅಂದೆ. ಹುಡುಗಿ ಅರಿವೆಯನ್ನು ತಿರುವಿದಳು, ಮಗುಚಿದಳು, ಕಡೆಗೆ ನನ್ನ ಮುಖ ನೋಡಿದಳು.

ಅವಳನ್ನು ಬಿಡಲು ಬಂದಿದ್ದ ಅಜ್ಜಿ ಹೊಸ್ತಿಲ ಹತ್ತಿರ ಕೂತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎದ್ದು ಬಂದು ಅರಿವೆಯನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಜಗ್ಗಿದರು. “ಇದು ಹಾಸು, ಇದು ಹೊಕ್ಕು. ಹಾಸು ಜಗ್ಗೂದಿಲ್ಲ, ಹೊಕ್ಕು ಒಂಚೂರು ಜಗ್ಗತೈತಿ. ಇಷ್ಟ ಕೇಳಾಕ ಇಂಗ್ಲೀಷ್ ಯಾಕ ಬೇಕ್ರಿ ಅಕ್ಕೋರ?” ಅಂದರು.

ಹುಡುಗಿ ದಡ್ಡಿಯಾಗಿರಲಿಲ್ಲ. ಅವಳು ಬಾಯಿಪಾಠ ಮಾಡಿದ್ದ ಮಾತು ಅವಳ ಬೆರಳ ತುದಿಗೆ ಇಳಿದಿರಲಿಲ್ಲ, ಅಷ್ಟೇ. ಅಜ್ಜಿ ಮೂವತ್ತು ವರ್ಷ ಕೌದಿ ಹೊಲಿದವರು. ಅವರ ಬಾಯಲ್ಲಿದ್ದದ್ದು ಮೊಮ್ಮಗಳ ಕಿವಿಗೆ ಎಂದೂ ಬಿದ್ದಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಇದ್ದರು, ಒಂದೇ ಸಂಗತಿಗೆ ಇಬ್ಬರ ಹತ್ತಿರವೂ ಹೆಸರಿತ್ತು, ಆದರೂ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಅಂದಿನಿಂದ ನನ್ನ ಮೊದಲ ದಿನದ ಪಾಠ ಇದೇ ಆಗಿದೆ.

ಮಗ್ಗದ ಮೇಲೆ ಮೊದಲು ಉದ್ದಕ್ಕೆ ಬಿಗಿದು ಕಟ್ಟುವ ಎಳೆಗಳು ಹಾಸು. ಲಾಳಿ ಅತ್ತಿಂದಿತ್ತ ಓಡಾಡಿ ಅಡ್ಡಡ್ಡ ಸೇರಿಸುವ ಎಳೆಗಳು ಹೊಕ್ಕು. ಎಳೆದು ಕಟ್ಟಿದ್ದರಿಂದ ಹಾಸಿನ ಕಡೆ ಅರಿವೆ ಜಗ್ಗುವುದಿಲ್ಲ. ಅಂಗಿಯ ಉದ್ದ, ತೋಳಿನ ಉದ್ದ, ಪಾಯಜಾಮದ ಕಾಲು ಇವೆಲ್ಲ ಹಾಸಿನ ಗುಂಟವೇ ಬರಬೇಕು. ಬಾರದಿದ್ದರೆ ನಾಲ್ಕು ಸಲ ಒಗೆಯುವುದರೊಳಗೆ ಅಂಗಿ ಮೈಮೇಲೆ ತಿರುಚಿಕೊಳ್ಳುತ್ತದೆ, ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದು ಕೂಡುತ್ತದೆ. ನಿಮ್ಮಲ್ಲಿ ಅನೇಕರು ಇಂಥ ಅಂಗಿ ತೊಟ್ಟಿದ್ದೀರಿ. ಅದು ಕತ್ತರಿಸಿದವರ ತಪ್ಪು, ಒಗೆದವರದ್ದಲ್ಲ. ಭಾಷಣಗಳಲ್ಲಿ ನಾವು ‘ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಎಂದು ದಿನಕ್ಕೆ ಹತ್ತು ಸಲ ಕೇಳುತ್ತೇವಲ್ಲ, ಆ ಮಾತು ನೇಕಾರನ ಮಗ್ಗದಿಂದಲೇ ಎದ್ದು ಬಂದದ್ದು.

ಅರಿವೆಯ ಎರಡೂ ಬದಿಗೆ ಒತ್ತಾಗಿ ನೇಯ್ದ ಅಂಚಿಗೆ ನಮ್ಮ ಕಡೆ ದಡಿ ಅನ್ನುತ್ತೇವೆ. ಅದು ಬಿಚ್ಚಿಕೊಳ್ಳುವುದಿಲ್ಲ. ದಡಿ ಯಾವ ದಿಕ್ಕಿಗಿದೆಯೋ ಅದೇ ಹಾಸಿನ ದಿಕ್ಕು. ದಡಿ ಕತ್ತರಿಸಿ ಹೋದ ತುಂಡಾದರೆ ಅಜ್ಜಿ ಮಾಡಿದ ಹಾಗೆ ಜಗ್ಗಿ ನೋಡಬೇಕು. ಒಂದು ದಡಿಯಿಂದ ಇನ್ನೊಂದು ದಡಿಯವರೆಗಿನ ಅಗಲ ಪನ್ನಾ. ಅಂಗಡಿಯಲ್ಲಿ ಅರಿವೆ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಪನ್ನಾ ಎಷ್ಟು ಎಂದು. 36 ಇಂಚಿನ ಪನ್ನಾ, 44 ಇಂಚಿನ ಪನ್ನಾ, 58 ಇಂಚಿನ ಪನ್ನಾ ಮೂರೂ ಒಂದೇ ಕಪಾಟಿನಲ್ಲಿ ಇರುತ್ತವೆ. ಇದನ್ನು ಕೇಳದೆ ಎರಡೂವರೆ ಮೀಟರ್ ಕೊಡಿ ಎಂದು ತಂದವರು ಮನೆಗೆ ಬಂದ ಮೇಲೆ ತೋಳಿಗೆ ಅರಿವೆ ಸಾಲದೆ ಪೇಚಾಡುತ್ತಾರೆ.

ಹಾಸಿಗೂ ಹೊಕ್ಕಿಗೂ ನಡುವೆ ಮೂಲೆಯಿಂದ ಮೂಲೆಗೆ ಹೋಗುವುದು ಓರೆ. ಅರಿವೆ ಎಲ್ಲಕ್ಕಿಂತ ಹೆಚ್ಚು ಜಗ್ಗುವುದು ಓರೆಯಲ್ಲಿ. ಕುಬಸದ ಕೊರಳಿಗೆ ಹಚ್ಚುವ ಪಟ್ಟಿಯನ್ನು ಓರೆಯಲ್ಲೇ ಕತ್ತರಿಸಬೇಕು. ಆಗ ಅದು ಕೊರಳ ದುಂಡಿಗೆ ತಕ್ಕ ಹಾಗೆ ಬಾಗಿ ಕೂಡುತ್ತದೆ. ನೇರ ಪಟ್ಟಿ ಹಚ್ಚಿದರೆ ಕೊರಳ ಸುತ್ತ ಸುಕ್ಕು ಬೀಳುತ್ತದೆ. ಟೇಲರ್ ಅಂಗಡಿಯವರು ಇದಕ್ಕೆ ಕ್ರಾಸ್ ಪಟ್ಟಿ ಅನ್ನುತ್ತಾರೆ. ಅದನ್ನೂ ಕಲಿಯಿರಿ, ನನ್ನ ತಕರಾರಿಲ್ಲ. ಆದರೆ ಓರೆ ಎಂದು ಕೇಳಿದ ಮಗು ಅರಿವೆಯನ್ನು ತಾನೇ ಓರೆಯಾಗಿ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲೇ ಅರ್ಧ ಪಾಠ ಮುಗಿದಿರುತ್ತದೆ.

ನನ್ನನ್ನು ಕೆಲವರು ಕೇಳುತ್ತಾರೆ: ಹಾಗಾದರೆ ಇಂಗ್ಲಿಷ್ ಮಾತೆಲ್ಲ ಬಿಟ್ಟು ಅಚ್ಚಗನ್ನಡ ಹುಡುಕಬೇಕೇ? ಬೇಡ. ನಮ್ಮ ಹೊಲಿಗೆಯ ಮಾತೇ ಒಂದು ಕೌದಿ ಇದ್ದ ಹಾಗೆ. ಹೊಲಿ ಎಂಬುದು ನಮ್ಮದೇ ಮಾತು, ಹಳಗನ್ನಡದಲ್ಲಿ ಪೊಲಿ. ಕುಪ್ಪಸ ಸಂಸ್ಕೃತದ ಕೂರ್ಪಾಸದಿಂದ ಬಂದದ್ದು, ನಮ್ಮ ಬಾಯಲ್ಲಿ ಕುಬಸವಾಗಿದೆ. ಸವಣೂರಿನಲ್ಲಿ ನವಾಬರು ಆಳಿದ ಸೀಮೆ ಇದು, ಫಾರಸಿ ಮಾತು ನಮಗೆ ಹೊರಗಿನದಲ್ಲ. ದರ್ಜಿ, ಅಸ್ತರ, ಜರಿ, ಪಾಯಜಾಮ ಎಲ್ಲ ಆ ದಾರಿಯಲ್ಲಿ ಬಂದವು. ಕಿಸೆಯೂ ಅದೇ ದಾರಿಯದು. ರುಮಾಲು ಎಂದರೆ ಫಾರಸಿಯಲ್ಲಿ ಮುಖ ಒರೆಸುವ ಅರಿವೆ, ನಮ್ಮ ಹಿರಿಯರು ಅದನ್ನು ತಲೆಗೆ ಏರಿಸಿಕೊಂಡು ಸುತ್ತಿದರು. ಗುಂಡಿ ಹಾಯುವ ತೂತಿಗೆ ಕಾಜ ಅನ್ನುತ್ತೇವಲ್ಲ, ಅದು ಪೋರ್ತುಗೀಜರ ಮಾತು, ಅವರ ಭಾಷೆಯಲ್ಲಿ ಅದಕ್ಕೆ ಮನೆ ಎಂದು ಅರ್ಥ. ಗುಂಡಿಗೆ ಒಂದು ಮನೆ! ಇಸ್ತ್ರಿಯೂ ಅವರಿಂದಲೇ ಬಂದದ್ದು ಎನ್ನುತ್ತಾರೆ. ಬಾಬಿನ್, ಪೆಡಲು, ಹುಕ್ಕು, ಕಾಲರ್ ಇಂಗ್ಲಿಷಿನವು. ಇವನ್ನೆಲ್ಲ ನಮ್ಮ ಹೆಣ್ಣುಮಕ್ಕಳು ದಿನಾ ಬಳಸಿ ಬಳಸಿ ಮೆತ್ತಗೆ ಮಾಡಿಕೊಂಡಿದ್ದಾರೆ. ಯಾವ ಭಾಷೆಯಿಂದ ಬಂತು ಎನ್ನುವುದು ನನಗೆ ಮುಖ್ಯವಲ್ಲ. ಮಾತು ಕೇಳಿದ ಕೂಡಲೆ ಕೈ ಸರಿಯಾದ ಜಾಗಕ್ಕೆ ಹೋಗಬೇಕು.

ಹೊಲಿಯುವ ಕಸುಬಿನವರಿಗೂ ಕನ್ನಡದಲ್ಲಿ ಹಳೆಯ ಹೆಸರಿದೆ. ಚಿಪ್ಪಿಗ ಎನ್ನುತ್ತಿದ್ದರು, ನಮ್ಮ ಸೀಮೆಯಲ್ಲಿ ಸಿಂಪಿಗ. ಸಿಂಪಿ, ಸಿಂಪಿಗೇರ ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಒಬ್ಬರು. ಸೂಜಿ ಹಿಡಿದ ಕೈಗೆ ಕಲ್ಯಾಣದಲ್ಲಿ ಉಳಿದ ಕಾಯಕಗಳಿಗೆ ಇದ್ದಷ್ಟೇ ಮಾನ ಇತ್ತು ಎಂಬುದನ್ನು ನನ್ನ ಹುಡುಗಿಯರಿಗೆ ಹೇಳದೆ ನಾನು ಬಿಡುವುದಿಲ್ಲ. ‘ಬರೇ ಹೊಲಿಗಿ ಕೆಲಸ’ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಕುಬಸದ ಮಾತು ಬಂತಲ್ಲ, ಅದರ ಜೊತೆ ನನ್ನದೊಂದು ತಪ್ಪನ್ನೂ ಹೇಳುತ್ತೇನೆ. ನಮ್ಮ ಕಡೆ ಬಸುರಿ ಹೆಣ್ಣುಮಗಳಿಗೆ ಐದನೆಯದೋ ಏಳನೆಯದೋ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಕುಬಸ ತಂದು ಉಡಿ ತುಂಬುತ್ತಾರೆ. ಆ ಕಾರ್ಯಕ್ಕೇ ಕುಬಸ ಎಂದು ಹೆಸರು. ‘ನಾಳೆ ಅಕ್ಕನ ಕುಬಸ ಐತಿ’ ಅಂದರೆ ಯಾರೂ ಬಿಡಿಸಿ ಕೇಳುವುದಿಲ್ಲ. ಹೊಲಿದ ಉಡುಪೊಂದರ ಹೆಸರು ಬಸುರಿಯ ಹಬ್ಬಕ್ಕೆ ಬಂದಿದೆ ಎಂದರೆ ಆ ಉಡುಪಿಗೆ ನಮ್ಮವರು ಎಷ್ಟು ಬೆಲೆ ಕೊಟ್ಟಿರಬೇಕು!

ನನ್ನ ಅಕ್ಕನ ಕುಬಸಕ್ಕೆ ಗುಳೇದಗುಡ್ಡದ ಖಣ ತಂದಿದ್ದರು. ಹಸಿರು ಮೈ, ಕೆಂಪು ದಡಿ. ಖಣ ಎಂದರೆ ಕುಬಸಕ್ಕೆಂದೇ ನೇಯ್ದ ಅರಿವೆ. ಪನ್ನಾ ಸಣ್ಣದು, ದಡಿ ಚೆಂದ. ಆ ದಡಿ ತೋಳಿನ ತುದಿಗೆ ಬರಬೇಕು, ಅದಕ್ಕಾಗಿ ಖಣದಲ್ಲಿ ಮಾತ್ರ ತೋಳಿನ ಉದ್ದವನ್ನು ಹೊಕ್ಕಿನ ಗುಂಟ ಇಡುತ್ತೇವೆ, ಅದೇ ಖಣದ ಕುಬಸದ ಲಕ್ಷಣ. ನನಗಾಗ ಹದಿನಾರು ವರ್ಷ. ನಾನೇ ಹೊಲಿಯುತ್ತೇನೆ ಎಂದು ಹಟ ಹಿಡಿದೆ. ಕಾಗದದ ಮೇಲೆ ತೋಳು ಬರೆದು ಕತ್ತರಿಸಿ, ಅದನ್ನು ಖಣದ ಮೇಲಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದೆ. ಅರಿವೆ ಉಳಿಸುವ ಹುರುಪಿನಲ್ಲಿ ತೋಳನ್ನು ತಲೆಕೆಳಗು ಮಾಡಿ ಇಟ್ಟಿದ್ದು ಗೊತ್ತೇ ಆಗಲಿಲ್ಲ. ಕತ್ತರಿ ಆಡಿಸಿದೆ. ದಡಿ ಹೋಗಿ ಭುಜದ ಕಡೆ ಸೇರಿತು. ತೋಳಿನ ತುದಿ ಬೋಳಾಗಿ ನಿಂತಿತು.

ಅವ್ವ ಬಂದು ಆ ತುಂಡನ್ನು ಬೆಳಕಿಗೆ ಎತ್ತಿ ಹಿಡಿದಳು. “ದಡಿ ಎಲ್ಲಿ ಹೋತವಾ?” ಅಂದಳು. ಬೈಯಲಿಲ್ಲ. ತನ್ನ ಹಳೆಯ ಸೀರೆಯೊಂದರ ಕೆಂಪು ದಡಿಯನ್ನು ಎರಡು ಬೆರಳು ಅಗಲಕ್ಕೆ ಬಿಡಿಸಿ, ತೋಳಿನ ತುದಿಗೆ ಒಳಗಿನಿಂದ ಹಚ್ಚಿದಳು. ಹೊಲಿಗೆ ಕಾಣಲಿಲ್ಲ. ಆರತಿಗೆ ಬಂದ ಮುತ್ತೈದೆಯರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಅಂದಿನಿಂದ ಕತ್ತರಿ ಎತ್ತುವ ಮೊದಲು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಂಡೆ: ಇದು ಹಾಸು, ಇದು ದಡಿ, ಇದು ಸೀದಾ ಮಗ್ಗಲು, ಇದು ಉಲ್ಟಾ ಮಗ್ಗಲು, ತೋಳಿನ ತುದಿ ಈ ಕಡೆ. ಇಂದಿಗೂ ಹೇಳುತ್ತೇನೆ. ನನ್ನ ಹುಡುಗಿಯರು ಮೊದಮೊದಲು ನಗುತ್ತಾರೆ, ಆಮೇಲೆ ತಾವೂ ಹೇಳುತ್ತಾರೆ. ಹೇಳಿದವರು ತೋಳು ಕೆಡಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ಅಳತೆ. ಟೇಪಿನಲ್ಲಿ 60 ಇಂಚು ಇರುತ್ತದೆ, ಹಿಂದಿನ ಮಗ್ಗಲಿಗೆ ಸೆಂಟಿಮೀಟರ್. ಕಾಲು, ಅರ್ಧ, ಮುಕ್ಕಾಲು ಎಂದು ಇಂಚನ್ನು ಓದಲು ಬಂದರೆ ಸಾಕು. ಅಳೆಯಬೇಕಾದ ಜಾಗಗಳಿಗೆ ಹೊಸ ಹೆಸರು ಬೇಕಾಗಿಲ್ಲ, ಮೈಯ ಹೆಸರುಗಳೇ ಇವೆ: ಭುಜ, ಎದೆ, ನಡು, ಸೊಂಟ, ಬಗಲು, ಕೊರಳು, ಬೆನ್ನು, ತೋಳು. ಎದೆಯ ಸುತ್ತು 34 ಇಂಚು ಎಂದಿಟ್ಟುಕೊಳ್ಳಿ. ಅರಿವೆಯನ್ನು ಮಡಚಿ ಹಾಕಿ ಕತ್ತರಿಸುವುದರಿಂದ ನಾಲ್ಕರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತೇವೆ, ಎಂಟೂವರೆ ಇಂಚು. ಅಷ್ಟಕ್ಕೇ ಕತ್ತರಿಸಿದರೆ ಉಸಿರಾಡಲು ಬರುವುದಿಲ್ಲ. ಅರ್ಧ ಇಂಚು ಸಡಿಲು ಬಿಡಬೇಕು. ಅದರ ಮೇಲೆ ಒಂದೂವರೆ ಇಂಚು ಹೊಲಿಗೆಗೆ. ಒಟ್ಟು ಹತ್ತೂವರೆ. ಪುಸ್ತಕದಲ್ಲಿ ಇವಕ್ಕೆ ಈಸ್, ಸೀಮ್ ಅಲವನ್ಸ್ ಎಂದಿದೆ. ನಮ್ಮ ತಾಯಂದಿರು ಮಗಳ ಕುಬಸ ಕೊಡಲು ಬಂದಾಗ ಏನನ್ನುತ್ತಾರೆ? “ಒಳಗ ಅರಿವಿ ಬಿಡ್ರಿ ಅಕ್ಕೋರ, ಬೆಳೆಯೋ ಕೂಸು, ಮುಂದ ಬಿಚ್ಚಾಕ ಬರಬೇಕು.” ಸೀಮ್ ಅಲವನ್ಸ್ ಏನು, ಯಾಕೆ, ಎಷ್ಟು ದಿನಕ್ಕೆ ಎಂಬ ಮೂರೂ ಆ ಒಂದು ಮಾತಿನಲ್ಲಿವೆ.

ಎದೆಯ ಉಬ್ಬಿಗೂ ನಡುವಿನ ತಗ್ಗಿಗೂ ಹೊಂದಲೆಂದು ಅರಿವೆಯನ್ನು ಮೂರು ಮೂಲೆಯಾಗಿ ಮಡಚಿ ಹೊಲಿಯುತ್ತೇವೆ. ಟೇಲರ್ ಅಂಗಡಿಯಲ್ಲಿ ಅದು ಟಕ್ಸ್, ಪುಸ್ತಕದಲ್ಲಿ ಡಾರ್ಟ್. ನಾನು ಮೊದಲ ದಿನ ಚಿವುಟು ಅನ್ನುತ್ತೇನೆ, ಯಾಕೆಂದರೆ ಮೈಮೇಲೆ ಸಡಿಲಾಗಿ ನಿಂತ ಅರಿವೆಯನ್ನು ಎರಡು ಬೆರಳಿನಿಂದ ಚಿವುಟಿ ಹಿಡಿದರೆ ಟಕ್ಸ್ ಎಲ್ಲಿ ಬರಬೇಕೆಂದು ಅರಿವೆಯೇ ತೋರಿಸುತ್ತದೆ. ನಿರಿಗೆ ಯಾರಿಗೂ ಕಲಿಸಬೇಕಾಗಿಲ್ಲ. ಸೀರೆ ಉಡುವ ನಾಡು ನಮ್ಮದು. ಲಂಗಕ್ಕೆ ಲಾಡಿ, ಚಡ್ಡಿಗೆ ಇಲಾಸ್ಟಿಕ್ಕು, ಪೋಲಕಾಕ್ಕೆ ಹುಕ್ಕು. ಇವನ್ನು ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ.

ಸೂಜಿಯ ಬಗ್ಗೆ ಮಾತ್ರ ತುಸು ನಿಲ್ಲಬೇಕು. ಕೈಸೂಜಿಯನ್ನೂ ಮಷೀನ್ ಸೂಜಿಯನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಕೈಸೂಜಿಗೆ ಕಣ್ಣು ಹಿಂದೆ ಬಾಲದಲ್ಲಿದೆ. ಮಷೀನ್ ಸೂಜಿಗೆ ಕಣ್ಣು ಮುಂದೆ ಮೊನೆಯ ಹತ್ತಿರ. ಕಣ್ಣು ಹಿಂದಿದ್ದರೆ ಇಡೀ ಸೂಜಿ ಅರಿವೆಯನ್ನು ದಾಟಿ ಆಚೆ ಹೋಗಬೇಕು, ಕೈಗೆ ಅದು ಸುಲಭ, ಯಂತ್ರಕ್ಕೆ ಅಲ್ಲ. ಕಣ್ಣು ಮೊನೆಗೆ ಬಂದರೆ ಸೂಜಿ ಒಂಚೂರು ಒಳಗೆ ಇಳಿದರೆ ಸಾಕು, ದಾರವೂ ಇಳಿಯುತ್ತದೆ, ಕೆಳಗೆ ಕಾದಿರುವ ಇನ್ನೊಂದು ದಾರ ಅದನ್ನು ಹಿಡಿದು ಬಿಗಿಯುತ್ತದೆ. ಮೊನೆಗೆ ಕಣ್ಣಿರುವ ಸೂಜಿಗೆ ಲಾಳಿಯನ್ನು ಜೋಡಿಸಿದ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಐದು ವರ್ಷದ ಮೇಲೆ, 1851ರಲ್ಲಿ, ಐಸಾಕ್ ಸಿಂಗರ್ ತನ್ನ ಮಷೀನಿಗೆ ಪಡೆದ. ಅವರಿಗೂ ಮುಂಚೆ ಫ್ರಾನ್ಸಿನಲ್ಲಿ ತಿಮೊನಿಯೆ ಎಂಬ ದರ್ಜಿ ಒಂದು ಯಂತ್ರ ಮಾಡಿದ್ದ. ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಯಂತ್ರಗಳನ್ನು ಸಂಶಯದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಎಲ್ಲ ಯಂತ್ರಗಳೂ ಬೇಡವೇ ಎಂಬ ಪ್ರಶ್ನೆ ಬಂದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾಗದೆ ಒಬ್ಬ ಗಂಡ ಮಾಡಿದ ಯಂತ್ರ ಎಂದು ಅವರು ಭಾವಿಸಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಸ್ವಂತದ ನಾಲ್ಕು ದುಡ್ಡು ತಂದುಕೊಟ್ಟ ಯಂತ್ರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಸೂಜಿಗಳಿಗೆ ನಂಬರು ಇರುತ್ತದೆ. ಇಲ್ಲಿ ಹೊಸಬರು ಎಡವುತ್ತಾರೆ. ಕೈಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ಮಷೀನ್ ಸೂಜಿಯದು ತಿರುಗುಮುರುಗು, ನಂಬರು ಹೆಚ್ಚಿದಷ್ಟೂ ದಪ್ಪ. ತೆಳು ರೇಶಿಮೆಗೆ 11, ದಿನಬಳಕೆಯ ಕಾಟನ್ನಿಗೆ 14, ಜೀನ್ಸಿನಂಥ ದಪ್ಪ ಅರಿವೆಗೆ 16 ಅಥವಾ 18. ಅಂಗಡಿಯಲ್ಲಿ ‘ಒಂದು ಸೂಜಿ ಕೊಡ್ರಿ’ ಅನ್ನಬೇಡಿ. ‘ಮಷೀನ್ ಸೂಜಿ, ಹದಿನಾಲ್ಕು ನಂಬರು’ ಅನ್ನಿರಿ.

ಮಷೀನಿನ ಭಾಗಗಳಲ್ಲಿ ಕಣ್ಣಿಗೆ ಬೀಳುವವು ಗಾಲಿ, ಬೆಲ್ಟು, ಪೆಡಲು. ಇವು ಕೆಡುವುದು ಕಡಿಮೆ. ಕಾಡುವವು ಕಾಣದ ಜಾಗದಲ್ಲಿರುತ್ತವೆ. ಅರಿವೆಯನ್ನು ಒತ್ತಿ ಹಿಡಿಯುವ ಪಾದ, ಅದರ ಕೆಳಗೆ ಅರಿವೆಯನ್ನು ಮುಂದೆ ದೂಡುವ ಗರಗಸದಂಥ ಹಲ್ಲು, ಹಲ್ಲಿನ ಕೆಳಗೆ ಬಾಬಿನ್, ಬಾಬಿನ್ ಕೂಡುವ ಡಬ್ಬಿ, ಮೇಲಿನ ದಾರವನ್ನು ಬಿಗಿಮಾಡುವ ತಿರುಪು. ಇವಿಷ್ಟರ ಹೆಸರು ಬಾಯಲ್ಲಿರಬೇಕು. ಯಾಕೆ ಎಂದು ಹೇಳುತ್ತೇನೆ.

ಹಾನಗಲ್ಲ ಕಡೆ ಮದುವೆಯಾಗಿ ಹೋದ ನನ್ನ ಒಬ್ಬ ಶಿಷ್ಯೆ ಒಂದು ದಿನ ಫೋನ್ ಮಾಡಿದಳು. “ಅಕ್ಕೋರ, ಮಷೀನ್ ಕೆಟ್ಟೈತ್ರಿ.” ಏನಾಗಿದೆ ಎಂದರೆ “ಹೆಂಗ ಹೇಳ್ಲಿರಿ, ಹೊಲಿಗಿ ಬರವಲ್ದು” ಅಷ್ಟೇ. ರಿಪೇರಿಯವನಿಗೆ ತೋರಿಸಿ ಇನ್ನೂರು ರೂಪಾಯಿ ಕೊಟ್ಟಳು. ಆರು ತಿಂಗಳ ಮೇಲೆ ಮತ್ತೆ ಫೋನ್ ಬಂತು. ಈ ಸಲ ಅವಳು ಹೇಳಿದ್ದು: “ಅಕ್ಕೋರ, ಮ್ಯಾಲಿನ ಮಗ್ಗಲ ಚಲೋ ಐತ್ರಿ, ಕೆಳಗಿನ ಮಗ್ಗಲ ದಾರ ಕುಣಿಕಿ ಕುಣಿಕಿ ಬೀಳಾಕತ್ತೇತಿ.” ನಾನು ಅಂದೆ, “ಮ್ಯಾಲಿನ ದಾರ ಸಡಿಲ ಆಗೇತವಾ, ತಿರುಪು ಒಂಚೂರು ಬಿಗಿ ಮಾಡು.” ಫೋನ್ ಇಡುವ ಮೊದಲೇ ಮಷೀನಿನ ಸಪ್ಪಳ ಕೇಳಿಸಿತು. ಅವಳ ಹತ್ತಿರ ಮಷೀನು ಅದೇ, ಕೈ ಅದೇ. ಮೇಲಿನ ಮಗ್ಗಲು, ಕೆಳಗಿನ ಮಗ್ಗಲು, ಕುಣಿಕೆ ಎಂಬ ಮೂರು ಮಾತು ಮಾತ್ರ ಹೊಸದಾಗಿ ಸೇರಿದ್ದವು.

ಕೈಹೊಲಿಗೆಗೆ ಬಂದರೆ, ಮೊದಲು ಕಚ್ಚಾ ಹೊಲಿಗೆ. ತುಂಡುಗಳು ಜಾರದಂತೆ ದೂರದೂರ ಎಳೆ ಹಾಕಿ ಹಿಡಿಸಿಡುವುದು, ಪಕ್ಕಾ ಹೊಲಿಗೆ ಆದ ಮೇಲೆ ಅದನ್ನು ಎಳೆದು ತೆಗೆಯುತ್ತೇವೆ. ಅವಸರದವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಬಿಚ್ಚುತ್ತ ಕೂಡುತ್ತಾರೆ. ಅಂಚು ಮಡಚಿ ಹೊರಗೆ ಕಾಣದಂತೆ ಹಿಡಿಯುವುದು ಹೆಮ್ಮಿಂಗು. ಹರಿದ ಜಾಗಕ್ಕೆ ತುಂಡು ಇಟ್ಟು ಹೊಲಿದರೆ ತ್ಯಾಪೆ, ತುಂಡು ಇಡದೆ ಎಳೆಗೆ ಎಳೆ ಕೂಡಿಸಿ ತುಂಬಿದರೆ ರಫೂ. ರಫೂ ಮಾಡುವವರಿಗೆ ಹಾಸು ಹೊಕ್ಕು ಕಣ್ಣುಮುಚ್ಚಿದರೂ ಗೊತ್ತಿರಬೇಕು. ಹೋದ ಎಳೆಗಳನ್ನು ಸೂಜಿಯಿಂದಲೇ ಮತ್ತೆ ನೇಯುವ ಕೆಲಸ ಅದು.

ಇನ್ನು ನಮ್ಮ ಧಾರವಾಡ ಸೀಮೆಯ ಕಸೂತಿ. ಅದರ ನಾಲ್ಕು ಹೊಲಿಗೆಗಳ ಹೆಸರು ಹೊಲಿಗೆ ಕಲಿಯುವ ಪ್ರತಿ ಕನ್ನಡ ಹುಡುಗಿಗೆ ಗೊತ್ತಿರಬೇಕೆಂದು ನನ್ನ ಹಟ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ, ಹಾಗಾಗಿ ಅರಿವೆಯ ಎರಡೂ ಮಗ್ಗಲು ಒಂದೇ ರೀತಿ ಕಾಣುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಮುರಿದು ಮುರಿದು ಹೋಗುತ್ತದೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆ ಅಡ್ಡಡ್ಡ ಗುಣಿಸು ಚಿಹ್ನೆಯ ಹಾಗೆ, ಮೆಂತೆಕಾಳು ಚೆಲ್ಲಿದಂತೆ. ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ, ದಾರಕ್ಕೆ ಗಂಟು ಹಾಕುವುದಿಲ್ಲ. ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ ಎಲ್ಲ ಎಣಿಕೆಯಲ್ಲೇ ಮೂಡಬೇಕು. ಒಂದು ಎಳೆ ತಪ್ಪಿದರೆ ಆನೆಯ ಕಾಲು ಕುಂಟುತ್ತದೆ.

ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ನೋಡಬೇಕು. ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಸಣ್ಣ ತುಂಡುಗಳ ಫೂಲ ಹಚ್ಚದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ತಾಂಡಾಗಳ ಲಂಬಾಣಿ ಅಕ್ಕಂದಿರ ಕಾಂಚಳಿ, ಫೇಟಿಯಾಗಳಲ್ಲಿ ಕನ್ನಡಿ, ಕವಡೆ ಕೂಡಿಸುವ ಹೊಲಿಗೆ ಮತ್ತೊಂದು ವಿದ್ಯೆ. ಆ ಹೊಲಿಗೆಗಳ ಹೆಸರು ಅವರ ಬಾಯಲ್ಲೇ ಇವೆ. ಕೇಳಿ ಕಲಿಯಬೇಕು, ಬರೆದಿಡಬೇಕು.

ಅಳತೆ ಎಂದರೆ ಎಷ್ಟು ಗಂಭೀರ ಸಂಗತಿ ಎಂದು ತಿಳಿಯಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನಮ್ಮ ಹಾಗೆಯೇ ಸುತ್ತಮುತ್ತಲಿನ ಹೆಣ್ಣುಮಕ್ಕಳು. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ. ಎಲ್ಲಕ್ಕಿಂತ ಸಣ್ಣದು ಮೇಜಿನ ಮೇಲಿಡುವಂಥದ್ದು, 150ಕ್ಕೆ 100. ಯಾವುದೇ ಆದರೂ ಉದ್ದ ಮೂರು ಪಾಲು, ಅಗಲ ಎರಡು ಪಾಲು. ಮೂರು ಪಟ್ಟಿಗಳೂ ಸಮ ಇರಬೇಕು, ಚಕ್ರ ಎರಡೂ ಮಗ್ಗಲಲ್ಲಿ ಒಂದಕ್ಕೊಂದು ಕೂಡಬೇಕು. ಮಾನಕ ಸಂಸ್ಥೆಯ ತಪಾಸಣೆಯಲ್ಲಿ ಹೊಲಿಗೆಗೂ ಅಳತೆಗೂ ರಿಯಾಯಿತಿ ಸಿಗುವುದಿಲ್ಲ. ನನ್ನ ಹುಡುಗಿಯರು ಕಾಲು ಇಂಚು ತಪ್ಪಿ ‘ನಡೀತೈತಿ ಬಿಡ್ರಿ’ ಅಂದಾಗಲೆಲ್ಲ ನಾನು ಬೆಂಗೇರಿಯ ಹೆಸರು ತೆಗೆಯುತ್ತೇನೆ.

ಈಗ ಹೊಲಿಗೆಯವರಿಗೆ ಸರಕಾರದ ಕೆಲವು ಅನುಕೂಲಗಳಿವೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಒಂದು. ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ, ಕಡಿಮೆ ಬಡ್ಡಿಯ ಸಾಲವೂ ಇದೆ. 1982ರಲ್ಲಿ ಉಜಿರೆಯಲ್ಲಿ ಮೊದಲಾದ ರುಡ್‌ಸೆಟ್ ಸಂಸ್ಥೆ ಧಾರವಾಡದಲ್ಲೂ ಊಟ ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸುತ್ತದೆ. ಹೋಗಿರಿ, ಕಲಿಯಿರಿ. ಪರೀಕ್ಷೆಯಲ್ಲಿ ಡಾರ್ಟ್ ಎಂದರೇನು ಎಂದು ಕೇಳಿದರೆ ಉತ್ತರ ಬರೆಯಲೇಬೇಕು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರಿಗೆ ಓವರ್‌ಲಾಕ್, ಬಂಡಲ್, ಟಾರ್ಗೆಟ್ ಎಂಬ ಮಾತುಗಳು ಬೇಕೇಬೇಕು. ಅವು ಬೇಡ ಎಂದು ಹೇಳುವಷ್ಟು ತಿಳಿವಳಿಕೆಗೇಡಿ ನಾನಲ್ಲ. ನನ್ನ ವಿನಂತಿ ಕಲಿಸುವವರಿಗೆ. ಬೋರ್ಡಿನ ಮೇಲೆ ಗ್ರೇನ್ ಲೈನ್ ಎಂದು ಬರೆದರೆ ಅದರ ಪಕ್ಕದಲ್ಲೇ ಹಾಸು ಎಂದೂ ಬರೆಯಿರಿ. ಬಯಾಸ್ ಎಂದಲ್ಲಿ ಓರೆ, ವಿಡ್ತ್ ಎಂದಲ್ಲಿ ಪನ್ನಾ, ಲೈನಿಂಗ್ ಎಂದಲ್ಲಿ ಅಸ್ತರ ಎಂದು ಬರೆಯಿರಿ. ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಒಂದು ನಿಮಿಷ ಉಳಿಸಿದ್ದಕ್ಕೇ ಆ ಹುಡುಗಿ ಮೂರು ತಿಂಗಳು ಕಲಿತೂ ಒಂದು ಮೀಟರ್ ಅರಿವೆಯ ಮುಂದೆ ತಬ್ಬಿಬ್ಬಾಗಿ ಕೂತಳು.

ಕಲಿಯುವವರಿಗೂ ಒಂದು ಕೆಲಸ ಹೇಳುತ್ತೇನೆ. ಹೊಸ ಅರಿವೆ ತರಬೇಡಿ, ಮಷೀನೂ ಬೇಡ. ಮನೆಯಲ್ಲಿ ತೊಡದೆ ಬಿಟ್ಟ ಹಳೆಯ ಕುಬಸ ಒಂದು ಇದ್ದೇ ಇರುತ್ತದೆ. ಬ್ಲೇಡಿನ ಮೂಲೆಯಿಂದ ಅದರ ಹೊಲಿಗೆ ಬಿಚ್ಚಿರಿ, ಅರಿವೆ ಹರಿಯದಂತೆ ನಿಧಾನವಾಗಿ. ಬೆನ್ನು ಒಂದು, ಮುಂದಿನ ಎದೆ ಎರಡು, ತೋಳು ಎರಡು, ಎದೆಯ ಕೆಳಗಿನ ಪಟ್ಟಿ ಎರಡು, ಹುಕ್ಕಿನ ಪಟ್ಟಿ ಒಂದು, ಕಾಜಪಟ್ಟಿ ಒಂದು, ಕೊರಳ ಓರೆಪಟ್ಟಿ ಒಂದು. ಸಾಮಾನ್ಯ ಕುಬಸವಾದರೆ ಹತ್ತು ತುಂಡು ಸಿಗುತ್ತವೆ. ಇಸ್ತ್ರಿ ಮಾಡಿ ಚಾಪೆಯ ಮೇಲೆ ಹರಡಿರಿ. ಒಂದೊಂದು ತುಂಡಿನ ಮೇಲೂ ಸೀಮೆಸುಣ್ಣದಿಂದ ಅದರ ಹೆಸರು ಬರೆಯಿರಿ, ಹಾಸು ಯಾವ ಕಡೆ ಇದೆ ಎಂದು ಜಗ್ಗಿ ನೋಡಿ ಬಾಣದ ಗುರುತು ಹಾಕಿರಿ. ಹೆಸರು ಗೊತ್ತಾಗದ ತುಂಡನ್ನು ಎತ್ತಿಕೊಂಡು ಅಜ್ಜಿಯ ಹತ್ತಿರ ಹೋಗಿರಿ, ಅಜ್ಜಿ ಇಲ್ಲದವರು ಓಣಿಯ ಹಿರಿಯರ ಹತ್ತಿರ ಹೋಗಿರಿ. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ.